ಊರೆಲ್ಲ ಮನೆಯಾದ ಹಂದಿ

ಸ್ಪೇನಿನ ಸಲಮಾಂಕಾದಲ್ಲಿ, ತೋರ್ಮೆಸ್ ನದಿಗೆ ಅಡ್ಡವಾಗಿರುವ ರೋಮನ್ ಸೇತುವೆಯ ತುದಿಗೆ, ತಲೆಯಿಲ್ಲದ ಕಲ್ಲಿನ ಪ್ರಾಣಿಯೊಂದು ನಿಂತಿದೆ. ಗಟ್ಟಿ ಬೆನ್ನು, ಕುಳ್ಳು ಕಾಲು, ಮಳೆಗಾಳಿಗೆ ಸವೆದ ಮೈ. ಊರಿನವರು ಅದನ್ನು ಗೂಳಿ ಎನ್ನುತ್ತಾರೆ. 1554ರಲ್ಲಿ ಅಚ್ಚಾದ, ಬರೆದವರು ಯಾರೆಂದು ಗೊತ್ತಿಲ್ಲದ ‘ಲಾಸಾರೀಯೊ ದೆ ತೋರ್ಮೆಸ್’ ಎಂಬ ಕಥೆಯಲ್ಲೂ ಅದು ಗೂಳಿಯೇ. ಅದರಲ್ಲಿ ಕುರುಡ ಭಿಕ್ಷುಕನೊಬ್ಬ ತನ್ನ ಜತೆಗೆ ಹೊರಟ ಹುಡುಗನಿಗೆ ಈ ಕಲ್ಲಿಗೆ ಕಿವಿಯಿಡಲು ಹೇಳಿ, ಅವನ ತಲೆಯನ್ನು ಹಿಡಿದು ಕಲ್ಲಿಗೆ ಚಚ್ಚುತ್ತಾನೆ. ಲೋಕ ಎಂದರೇನು ಎನ್ನುವುದಕ್ಕೆ ಆ ಹುಡುಗನಿಗೆ ಸಿಕ್ಕ ಮೊದಲ ಪಾಠ ಅದು.

ಇಂಥ ಕಲ್ಲಿನ ಪ್ರಾಣಿಗಳು ಸ್ಪೇನಿನ ಪಶ್ಚಿಮಕ್ಕೂ ಪೋರ್ಚುಗಲ್ಲಿನ ಈಶಾನ್ಯ ಮೂಲೆಗೂ ಹರಡಿಕೊಂಡಿವೆ. ರೋಮನ್ನರು ಬರುವ ಮೊದಲು ಇಲ್ಲಿ ದನ, ಹಂದಿ ಮೇಯಿಸಿಕೊಂಡಿದ್ದ ವೆತ್ತೋನ್ ಜನ ಕಡೆದವು ಇವು. ಕೆಲವು ಸ್ಪಷ್ಟವಾಗಿ ಗೂಳಿ, ಕೆಲವು ಸ್ಪಷ್ಟವಾಗಿ ಹಂದಿ, ಉಳಿದವು ನೋಡಿದವರ ಇಷ್ಟ. ಪೋರ್ಚುಗಲ್ಲಿನ ಮುರ್ಸಾ ಎಂಬ ಊರು ಮಾತ್ರ ಯಾವ ಅನುಮಾನಕ್ಕೂ ಎಡೆಗೊಡದೆ ತನ್ನ ಕಲ್ಲಿನ ಹೆಣ್ಣುಹಂದಿಯನ್ನು ಪೇಟೆಯ ನಡುವೆ ಕಟ್ಟೆ ಕಟ್ಟಿ ನಿಲ್ಲಿಸಿದೆ. ಹುಲ್ಲುಗಾವಲಿನ ಗಡಿಗಲ್ಲುಗಳೋ, ಮಂದೆಯ ಕಾವಲಿಗೆ ನಿಂತ ದೈವಗಳೋ, ಗೋರಿಯ ಗುರುತುಗಳೋ, ವಿದ್ವಾಂಸರಲ್ಲಿ ಮೂರೂ ಮಾತಿದೆ.

ಸಲಮಾಂಕಾದಲ್ಲಿ ಓದುತ್ತಿರುವ ಅಕ್ಕನ ಮಗಳು ನನ್ನ ಜತೆಗಿದ್ದಳು. ಈ ಪ್ರವಾಸದುದ್ದಕ್ಕೂ ನನ್ನ ಬಾಯಿ, ನನ್ನ ಕಿವಿ ಎರಡೂ ಅವಳೇ. ನಾನು ಕಲ್ಲಿನ ಸುತ್ತ ಸುತ್ತಿ, ಬಾಲ ನೋಡಿ, ಕಾಲು ನೋಡಿ ತಲೆ ಕೆಡಿಸಿಕೊಂಡಿದ್ದಾಗ, “ತಲೆ ಹೋದ ಮೇಲೆ ಗೂಳಿಯಾದ್ರೇನು, ಹಂದಿಯಾದ್ರೇನು ಬಿಡು ಮಾಮ, ಬಸ್ಸಿಗೆ ಹೊತ್ತಾಯ್ತು” ಎಂದಳು. ನನ್ನ ಮನಸ್ಸಿನಲ್ಲಿದ್ದದ್ದು ಬಾದಾಮಿ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ವರಾಹ ಭೂದೇವಿಯನ್ನು ಎತ್ತಿ ನಿಂತಿದ್ದಾನೆ. ಚಾಲುಕ್ಯರ ಲಾಂಛನವೂ ವರಾಹ, ವಿಜಯನಗರದ ಹೊನ್ನಿಗೂ ಅದೇ ಹೆಸರು. ನಾವು ಹಂದಿಗೆ ಮನುಷ್ಯನ ಮೈ ಕೊಟ್ಟು, ಕಿರೀಟವಿಟ್ಟು, ಗುಡಿಯೊಳಗೆ ಕರೆದುಕೊಂಡೆವು. ಬೀದಿಯ ಹಂದಿಯನ್ನು ಬೀದಿಯಲ್ಲೇ ಬಿಟ್ಟೆವು. ಆ ಎರಡಕ್ಕೂ ನಮ್ಮಲ್ಲಿ ಸಂಬಂಧವೇ ಇಲ್ಲ. ಇಲ್ಲಿಯ ಹಂದಿಗೆ ಕಿರೀಟವಿಲ್ಲ, ಅವತಾರವಿಲ್ಲ. ಮೇಯುವ ಹಂದಿಯೇ ಕಲ್ಲಾಗಿದೆ. ಯುರೋಪಿನ ಹಂದಿಯ ಕತೆಗಳು ನಮ್ಮವಕ್ಕಿಂತ ಯಾಕೆ ಬೇರೆ ಎಂಬುದಕ್ಕೆ ಮೊದಲ ಸುಳಿವು ಸಿಕ್ಕಿದ್ದು ಅಲ್ಲಿ.

ಸಲಮಾಂಕಾದಿಂದ ದಕ್ಷಿಣಕ್ಕೆ ಹೊರಟರೆ ನೆಲ ನಿಧಾನವಾಗಿ ಏರುತ್ತದೆ. ಎರಡೂ ಬದಿಗೆ ದೂರ ದೂರ ನಿಂತ ಓಕ್ ಮರಗಳು, ಅವುಗಳಡಿ ಹುಲ್ಲು, ಹುಲ್ಲಿನ ಮೇಲೆ ಚಳಿಗಾಲದ ಇಬ್ಬನಿ. ಕಾಡೆಂದರೆ ಕಾಡಲ್ಲ, ಬಯಲೆಂದರೆ ಬಯಲಲ್ಲ. ಇದನ್ನು ‘ದೆಹೇಸಾ’ ಎನ್ನುತ್ತಾರೆ. ಮರಗಳ ನಡುವೆ ಕಪ್ಪು ಹಂದಿಗಳು ತಲೆ ತಗ್ಗಿಸಿ ನಡೆಯುತ್ತಿದ್ದವು. ಸಪೂರ ಕಾಲು, ಉದ್ದ ಮೂತಿ, ಮೈಮೇಲೆ ಕೂದಲು ಕಡಿಮೆ. ಇಬೇರಿಕೊ ತಳಿ. ಓಕ್ ಕಾಯಿ ಉದುರುವ ಕಾಲದಲ್ಲಿ ಇವನ್ನು ಮರಗಳ ಕೆಳಗೆ ಬಿಡುತ್ತಾರೆ. ಕಾಯಿ ತಿಂದ ಹಂದಿಯೆಂದು ಮಾರಬೇಕಾದರೆ ಅದು ಕನಿಷ್ಠ 60 ದಿನ ಹೀಗೆ ಮೇಯಬೇಕು, ಕನಿಷ್ಠ 46 ಕಿಲೊ ತೂಕ ಹೆಚ್ಚಬೇಕು ಎಂದು ಸ್ಪೇನಿನ ಕಾನೂನು ಹೇಳುತ್ತದೆ.

ಕಾಡಿಗೂ ಹಂದಿಗೂ ಈ ನಂಟು ಯುರೋಪಿನಲ್ಲಿ ಬಹಳ ಹಳೆಯದು. 1086ರಲ್ಲಿ ಇಂಗ್ಲೆಂಡಿನ ದೊರೆ ತನ್ನ ನಾಡಿನ ಆಸ್ತಿಯನ್ನೆಲ್ಲ ಬರೆಸಿದ ಡೂಮ್ಸ್‌ಡೇ ದಫ್ತರದಲ್ಲಿ ಎಷ್ಟೋ ಕಡೆ ಕಾಡಿನ ಅಳತೆ ಎಕರೆಯಲ್ಲಿಲ್ಲ, ಇಷ್ಟು ಹಂದಿ ಮೇಯುವ ಕಾಡು ಎಂದಿದೆ. ಮಧ್ಯಯುಗದ ಪ್ರಾರ್ಥನಾ ಪುಸ್ತಕಗಳ ಪಂಚಾಂಗದ ಪುಟಗಳಲ್ಲಿ ನವೆಂಬರ್ ತಿಂಗಳೆಂದರೆ ಕೋಲೆತ್ತಿ ಓಕ್ ಮರ ಬಡಿಯುತ್ತಿರುವ ಹಂದಿಗಾಹಿಯ ಚಿತ್ರ. ಎಷ್ಟೋ ಪುಸ್ತಕಗಳಲ್ಲಿ ಡಿಸೆಂಬರಿಗೆ ಅದೇ ಹಂದಿಯ ಕೊರಳು ಕೊಯ್ಯುವ ಚಿತ್ರ. ಒಂದು ಪುಟ ಮಗುಚುವಷ್ಟರಲ್ಲಿ ಹಂದಿಯ ಬಾಳು ಮುಗಿಯುತ್ತದೆ. ‘ಪ್ರತಿ ಹಂದಿಗೂ ಅದರ ಸಂತ ಮಾರ್ಟಿನ್ ಬಂದೇ ಬರುತ್ತಾನೆ’ ಎಂಬ ಗಾದೆ ಸ್ಪೇನಿನಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ನವೆಂಬರ್ 11 ಆ ಸಂತನ ಹಬ್ಬ, ಹಳ್ಳಿಗಳಲ್ಲಿ ಹಂದಿ ಕೊಯ್ಯುವ ಕಾಲ ಶುರುವಾಗುವ ಹೊತ್ತು. ಮೋಸ ಮಾಡಿ ಮೆರೆಯುತ್ತಿರುವವರನ್ನು ಕಂಡಾಗ ಜನ ಈ ಗಾದೆ ಹೇಳಿ ಸಮಾಧಾನ ಮಾಡಿಕೊಳ್ಳುತ್ತಾರಂತೆ.

ದಾರಿಯಲ್ಲಿ ಗಿಹ್ವೇಲೊ ಎಂಬ ಊರಿನಲ್ಲಿ ಇಳಿದೆವು. ಊರಿಗೆ ಊರೇ ಹಂದಿಯ ತೊಡೆ ಒಣಗಿಸುವ ಕಸುಬಿನದು. ಕಟ್ಟಡಗಳ ತುಂಬ ಸಾಲು ಸಾಲು ಕಿಟಕಿ. ಬೆಟ್ಟದ ಗಾಳಿ ಬೇಕಾದಾಗ ತೆರೆಯುತ್ತಾರೆ, ಬೇಡವಾದಾಗ ಮುಚ್ಚುತ್ತಾರೆ. ಒಳಗೆ ಹೋದರೆ ಚಾವಣಿಯಿಂದ ನೇತಾಡುವ ಸಾವಿರಾರು ತೊಡೆಗಳು, ಕೆಳಗೆ ಜಿನುಗುವ ಕೊಬ್ಬು, ಹಳೆಯ ಮರದ ಪೆಟ್ಟಿಗೆ ತೆರೆದಂಥ ವಾಸನೆ. ಕಿಲೊಗೆ ಒಂದು ದಿನದ ಲೆಕ್ಕದಲ್ಲಿ ಉಪ್ಪಿನಲ್ಲಿ ಹೂತಿಟ್ಟು, ತೊಳೆದು, ಆಮೇಲೆ ಗಾಳಿಗೆ ಬಿಡುತ್ತಾರೆ. ಒಳ್ಳೆಯದೆಂದರೆ ಮೂರು ನಾಲ್ಕು ವರ್ಷ.

ಅಲ್ಲಿ ನನಗೆ ಮರೆಯಲಾಗದ್ದು ಒಬ್ಬ ನಡುವಯಸ್ಸಿನ ಕೆಲಸಗಾರನ ಮೂಗು. ಆತನ ಬಳಿ ಬೆರಳುದ್ದದ, ಮೊನೆಯಾದ ಒಂದು ಮೂಳೆಯಿತ್ತು. ಅದನ್ನು ತೊಡೆಯ ಕೀಲಿನ ಹತ್ತಿರ ಸರಕ್ಕನೆ ಚುಚ್ಚಿ ತೆಗೆದು, ಮೂಗಿನ ಕೆಳಗೆ ಒಂದು ಕ್ಷಣ ಹಿಡಿದು, ಮುಂದಿನದಕ್ಕೆ ಹೋಗುತ್ತಿದ್ದ. ಚುಚ್ಚಿದ ತೂತಿಗೆ ಹೆಬ್ಬೆರಳಿನಿಂದ ಒಂದಿಷ್ಟು ಕೊಬ್ಬು ಮೆತ್ತುತ್ತಿದ್ದ. ಲೋಹದ ಸೂಜಿ ಯಾಕಾಗದು ಎಂದು ಕೇಳಿಸಿದೆ. ಮೂಳೆ ವಾಸನೆಯನ್ನು ಬೇಗ ಹಿಡಿಯುತ್ತದೆ, ಬೇಗ ಬಿಡುತ್ತದೆ. ಹಿಂದಿನ ಹಂದಿಯ ವಾಸನೆ ಮುಂದಿನ ಹಂದಿಗೆ ಅಂಟಬಾರದು ಎಂದ. ಒಂದರ ಮುಂದೆ ಮಾತ್ರ ಆತ ಎರಡನೆಯ ಸಲ ಮೂಸಿ, ಹುಬ್ಬು ಗಂಟಿಕ್ಕಿ, ಸೀಮೆಸುಣ್ಣದಲ್ಲಿ ಗೀಟು ಹಾಕಿದ. ಎಷ್ಟೋ ಕಾಲ ಗಾಳಿ ಕುಡಿದ ತೊಡೆಯ ಹಣೆಬರಹ ಅಷ್ಟರಲ್ಲಿ ತೀರ್ಮಾನವಾಯಿತು.

ಕಾಗದದಷ್ಟು ತೆಳ್ಳಗೆ ಹೆರೆದ ಚೂರುಗಳನ್ನು ತಟ್ಟೆಯಲ್ಲಿಟ್ಟು ಕೊಟ್ಟರು. ಬೆರಳಿನ ಬಿಸಿಗೇ ಅದರ ಕೊಬ್ಬು ಕರಗುತ್ತಿತ್ತು. ನಮ್ಮ ಮನೆಯಲ್ಲಿ ಹಂದಿ ಮಾಂಸ ಮಾಡುತ್ತಿರಲಿಲ್ಲ. ಹಾಸ್ಟೆಲಿನ ಕಾಲದಲ್ಲಿ ವಿರಾಜಪೇಟೆಯ ಗೆಳೆಯನ ಮನೆಗೆ ಹೋದಾಗ ಅವನ ಅಮ್ಮ ಕಡಂಬುಟ್ಟಿನ ಜತೆ ಬಡಿಸಿದ ಪಂದಿ ಕರಿಯೇ ನನ್ನ ಮೊದಲ ರುಚಿ. ಅದರಲ್ಲಿ ಹುರಿದ ಮಸಾಲೆ, ಕಾಚಂಪುಳಿಯ ಕಡುಹುಳಿ, ಒಲೆಯ ಉರಿ ಎಲ್ಲ ಇತ್ತು. ಇಲ್ಲಿ ಉಪ್ಪು ಮತ್ತು ಗಾಳಿ ಬಿಟ್ಟರೆ ಏನೂ ಇಲ್ಲ, ಬೆಂಕಿಯೂ ಇಲ್ಲ. ಅಕ್ಕನ ಮಗಳು ಸ್ಕೂಲಿನಲ್ಲಿದ್ದಾಗಲೇ ಮಾಂಸ ಬಿಟ್ಟವಳು. ನಾನು ತಿನ್ನುವುದನ್ನು ನೋಡುತ್ತ, “ಚೆನ್ನಾಗಿದೆಯಾ?” ಎಂದಷ್ಟೇ ಕೇಳಿದಳು. ಚೆನ್ನಾಗಿತ್ತು.

ಲಾ ಅಲ್ಬೆರ್ಕಾ ತಲುಪಿದಾಗ ಬೆಟ್ಟದ ನೆರಳು ಊರಿನ ಮೇಲೆ ಬಿದ್ದಿತ್ತು. ಕೆಳಗೆ ಕಲ್ಲು, ಮೇಲೆ ಮರದ ಚೌಕಟ್ಟಿನ ನಡುವೆ ಮಣ್ಣು ತುಂಬಿದ ಗೋಡೆ. ಎದುರುಬದುರು ಮನೆಗಳ ಮೇಲ್ಮಹಡಿಗಳು ಒಂದರ ಕಡೆಗೊಂದು ವಾಲಿಕೊಂಡಿವೆ. 1940ರಲ್ಲೇ ಈ ಹಳ್ಳಿಯನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ನಾವು ಬಂದದ್ದು ಮನೆ ನೋಡುವುದಕ್ಕಲ್ಲ, ಊರಿನ ಹಂದಿಯನ್ನು ನೋಡುವುದಕ್ಕೆ. ಹುಡುಕುವ ಕಷ್ಟ ಬರಲಿಲ್ಲ. ಮೊದಲ ತಿರುವಿನಲ್ಲೇ ಒಂದು ಮನೆಯ ಹೊಸ್ತಿಲಿಗೆ ಅಡ್ಡವಾಗಿ ಮಲಗಿತ್ತು. ಅದನ್ನು ದಾಟಿಕೊಂಡೇ ಮನೆಯವರು ಓಡಾಡುತ್ತಿದ್ದರು.

ವರ್ಷ ವರ್ಷ ಜೂನ್ 13ರಂದು, ಪಾದುವಾದ ಸಂತ ಅಂತೋನಿಯ ಹಬ್ಬದ ದಿನ, ಪಾದ್ರಿ ಒಂದು ಎಳೆ ಹಂದಿಗೆ ಆಶೀರ್ವಾದ ಮಾಡಿ ಕೊರಳಿಗೆ ಗಂಟೆ ಕಟ್ಟಿ ಬಿಡುತ್ತಾರೆ. ಅಂದಿನಿಂದ ಅದು ಊರಿನ ಹಂದಿ. ಎಲ್ಲಿ ಬೇಕಾದರೂ ತಿರುಗಬಹುದು, ಯಾರ ಬಾಗಿಲಿಗೆ ಬಂದರೂ ಉಣಿಸಬೇಕು, ಕತ್ತಲಾದಾಗ ಯಾರ ಮನೆಯ ಹತ್ತಿರ ಇದೆಯೋ ಅವರು ಜಾಗ ಕೊಡಬೇಕು. ಜನವರಿ 17, ಈಜಿಪ್ಟಿನ ಸಂತ ಅಂತೋನಿಯ ಹಬ್ಬದಂದು ಚೀಟಿ ಎತ್ತಿ ಅದನ್ನು ಒಬ್ಬರಿಗೆ ಕೊಡುತ್ತಾರೆ. ಒಬ್ಬ ಅಂತೋನಿಯ ಕೈಯಿಂದ ಇನ್ನೊಬ್ಬ ಅಂತೋನಿಯ ಕೈಗೆ, ನಡುವೆ ಏಳು ತಿಂಗಳು.

ಹತ್ತಿರ ಹೋಗಿ ಕೂತು ನೋಡಿದೆ. ನೂರು ಕಿಲೊ ಎಂದೋ ದಾಟಿದ ಮೈ. ಕಣ್ಣಿನ ಮೇಲೆ ಬಿದ್ದ ಕಿವಿ, ಅದರಡಿ ಬಿಳಿಚಿದ ರೆಪ್ಪೆಗೂದಲು. ತೊಗಲ ಪಟ್ಟಿಯಲ್ಲಿ ಗಂಟೆ. ಮನೆಯೊಳಗಿಂದ ಅಜ್ಜಿಯೊಬ್ಬಳು ಬಕೆಟ್ ಹಿಡಿದು ಬಂದಳು. ಆಲೂಗಡ್ಡೆ ಸಿಪ್ಪೆ, ನೆನೆಸಿದ ಬ್ರೆಡ್ಡು, ಮೇಲೆ ಒಂದು ಹಿಡಿ ಚೆಸ್ಟ್‌ನಟ್. ಹಂದಿ ಏಳದೆಯೇ ಮೊದಲು ಚೆಸ್ಟ್‌ನಟ್‌ಗೆ ಬಾಯಿ ಹಾಕಿತು. ಒಂದೊಂದನ್ನೇ ಹಲ್ಲಿನಲ್ಲಿ ಒಡೆದು, ತಿರುಳು ನುಂಗಿ, ಸಿಪ್ಪೆಯನ್ನು ಬಾಯಿಯ ಅಂಚಿನಿಂದ ಹೊರಗೆ ನೂಕಿತು.

“ದಿನಾ ನಿಮ್ಮಲ್ಲಿಗೇ ಬರುತ್ತದೆಯೇ?” ಎಂದು ಕೇಳಿಸಿದೆ.

“ಮಂಗಳವಾರ ಬರೋದಿಲ್ಲ” ಎಂದಳು ಅಜ್ಜಿ. “ಮಂಗಳವಾರ ಆ ಬೀದಿಯವರು ಹಳೇ ಬ್ರೆಡ್ಡು ಹಾಕ್ತಾರೆ. ಅದಕ್ಕೆ ಗೊತ್ತು. ವಾರ ಯಾವುದು ಅಂತ ನನಗೆ ಮರೆತುಹೋದರೆ ಇದನ್ನು ನೋಡ್ತೀನಿ.”

ಕತ್ತಲಾಗುತ್ತಿದ್ದಂತೆ ಇನ್ನೊಂದು ಗಂಟೆ ಕೇಳಿಸಿತು. ಕಪ್ಪು ಬಟ್ಟೆಯ ಹೆಂಗಸೊಬ್ಬರು ಕೈಗಂಟೆ ಬಾರಿಸುತ್ತ, ಮೂಲೆ ಮೂಲೆಯಲ್ಲಿ ನಿಂತು ಪ್ರಾರ್ಥನೆ ಹೇಳುತ್ತ ಹೋದರು. ಸತ್ತು ಶುದ್ಧಿಲೋಕದಲ್ಲಿ ಕಾಯುತ್ತಿರುವ ಆತ್ಮಗಳಿಗಾಗಿ ಪ್ರತಿ ಸಂಜೆ ಹೀಗೆ ಬೀದಿ ಸುತ್ತುವುದು ಈ ಊರಿನ ಹಳೆಯ ಪದ್ಧತಿ. ಚರ್ಚಿನ ಹೊರಗೋಡೆಯ ಗೂಡಿನಲ್ಲಿ ತಲೆಬುರುಡೆಗಳೂ ಇವೆ. ಹೀಗೆ ಒಂದೇ ಸಂಜೆಯಲ್ಲಿ ಸತ್ತವರದೊಂದು ಗಂಟೆ, ಸಾಯಲಿರುವುದರದೊಂದು ಗಂಟೆ. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳು ಎರಡಕ್ಕೂ ತಲೆಯೆತ್ತಲಿಲ್ಲ.

ಬೆಳಿಗ್ಗೆ ಬಾಗಿಲ ಮೇಲ್ಕಲ್ಲುಗಳನ್ನು ನೋಡುತ್ತ ನಡೆದೆವು. ಬಹುತೇಕ ಮನೆಗಳಲ್ಲಿ ಇಸವಿ, ಶಿಲುಬೆ, ಮೇರಿಮಾತೆಯ ಹೆಸರು. ಇದು ಭಕ್ತಿಯೂ ಹೌದು, ಭಯವೂ ಹೌದು ಎಂದು ಹೇಳುವವರಿದ್ದಾರೆ. 1492ರಲ್ಲಿ ಯಹೂದಿಗಳಿಗೆ, 1502ರಲ್ಲಿ ಕ್ಯಾಸ್ಟೀಲಿನ ಮುಸ್ಲಿಮರಿಗೆ ಎರಡೇ ದಾರಿ ಉಳಿದದ್ದು: ಮತ ಬಿಡು, ಇಲ್ಲವೇ ನಾಡು ಬಿಡು. ಮತ ಬಿಟ್ಟು ಉಳಿದವರ ಮೇಲೆ ಮತನಿಷ್ಠೆ ವಿಚಾರಿಸುವ ನ್ಯಾಯಮಂಡಳಿಯಾದ ಇನ್‌ಕ್ವಿಸಿಷನ್‌ನ ಕಣ್ಣು. ಹಂದಿ ತಿನ್ನುವುದಿಲ್ಲ ಎಂಬ ನೆರೆಯವರ ದೂರು ವಿಚಾರಣೆಗೆ ಎಳೆಯಲು ಸಾಕಾಗುತ್ತಿತ್ತು. ಮನೆಯ ಮುಂದೆ ತೊಡೆ ನೇತುಹಾಕುವುದು ಊಟದ ವಿಷಯವಾಗಿ ಉಳಿಯದೆ ಸಾಕ್ಷಿ ಹೇಳುವುದಾಯಿತು. ಪೋರ್ಚುಗಲ್ಲಿನ ಮಿರಾಂದೆಲಾ ಕಡೆ ಬ್ರೆಡ್ಡು, ಕೋಳಿಮಾಂಸ ತುಂಬಿದ ಒಂದು ಬಗೆಯ ಸಾಸೇಜಿದೆ. ಹಂದಿಯದೆಂದು ಕಾಣುವಂತೆ ಯಹೂದಿಗಳು ಮಾಡಿಕೊಂಡ ಉಪಾಯ ಅದು ಎಂದು ಅಲ್ಲಿಯ ಜನ ಹೇಳುತ್ತಾರೆ.

ಹಾಗಾದರೆ ಈ ಬೀದಿ ಹಂದಿಯೂ ಅದೇ ಪರೀಕ್ಷೆಯ ಪಳೆಯುಳಿಕೆಯೇ? ನಾವು ಉಳಿದುಕೊಂಡಿದ್ದ ಮನೆಯ ಯಜಮಾನ ಹೌದೆಂದ: ಬಾಗಿಲಿಗೆ ಬಂದ ಹಂದಿಗೆ ಉಣಿಸದವನು ಯಾರು ಎಂದು ಊರು ನೋಡುತ್ತಿತ್ತು. ಅಜ್ಜಿ ಒಪ್ಪಲಿಲ್ಲ. ಬಡವರ ಮನೆಗೆ ಮಾಂಸ ಸಿಗಲೆಂದು ಮಾಡಿದ್ದು, ಮೊದಲೆಲ್ಲ ಚೀಟಿ ಎತ್ತುತ್ತಿರಲಿಲ್ಲ, ತೀರ ಕಷ್ಟದಲ್ಲಿದ್ದ ಮನೆಗೆ ಕೊಡುತ್ತಿದ್ದರು ಎಂದಳು. ಒಂದೇ ಹಂದಿ, ಒಬ್ಬರಿಗೆ ದಾನ, ಇನ್ನೊಬ್ಬರಿಗೆ ಬೇಹುಗಾರಿಕೆ. ಎರಡೂ ಒಟ್ಟಿಗೇ ನಿಜವಾಗಿರಲು ಅಡ್ಡಿಯೇನಿಲ್ಲ ಎಂದು ನನಗೆ ಕಂಡಿತು.

ಆ ರಾತ್ರಿ ಒಲೆಯ ಮುಂದೆ ಊಟ. ಕೆಂಪು ಮೆಣಸಿನ ಪುಡಿ, ಬೆಳ್ಳುಳ್ಳಿ ಹಾಕಿ ಕಿವುಚಿದ ಆಲೂಗಡ್ಡೆ, ಮೇಲೆ ಕರಿದ ಹಂದಿಯ ಚರ್ಮ. ಕಿತ್ತಳೆ, ನಿಂಬೆ, ಮೊಟ್ಟೆ, ಚೊರೀಸೊ ಎಲ್ಲ ಸೇರಿಸಿದ, ಈ ಬೆಟ್ಟದ ಊರುಗಳಲ್ಲಿ ಮಾಡುವ ಒಂದು ವಿಚಿತ್ರ ಕೋಸಂಬರಿ. ಕೊನೆಗೆ ಬಂದ ಬಿಸ್ಕತ್ತಿಗೂ ಹಂದಿಯ ಕೊಬ್ಬೇ ತುಪ್ಪ. ಅಕ್ಕನ ಮಗಳಿಗೆ ಬೇರೆ ಆಲೂಗಡ್ಡೆ ಬಂತು. ಪಕ್ಕದ ಮೇಜಿನ ಜರ್ಮನ್ ದಂಪತಿ ಅವಳ ಪಾಡು ನೋಡಿ, ಚೀಲದಿಂದ ಗುಲಾಬಿ ಬಣ್ಣದ ಪುಟ್ಟ ಹಂದಿಮರಿಯೊಂದನ್ನು ತೆಗೆದು ಕೊಟ್ಟರು. ಬಾದಾಮಿ, ಸಕ್ಕರೆ ಅರೆದು ಮಾಡಿದ ಮಾರ್ಜಿಪಾನ್ ಹಂದಿ. ಅವರ ನಾಡಿನಲ್ಲಿ ಹೊಸ ವರ್ಷಕ್ಕೆ ಇದನ್ನು ಕೊಟ್ಟರೆ ಅದೃಷ್ಟ ಬರುತ್ತದಂತೆ. “ಈ ಊರಲ್ಲಿ ನಾನು ತಿನ್ನಬಹುದಾದ ಒಂದೇ ಹಂದಿ” ಎಂದು ಅವಳು ಕಿವಿಯಿಂದ ಶುರುಮಾಡಿದಳು.

ಹಂದಿ ಅದೃಷ್ಟವಾದದ್ದರಲ್ಲಿ ಗುಟ್ಟೇನಿಲ್ಲ. ಕೊಟ್ಟಿಗೆಯಲ್ಲಿ ಹಂದಿಯಿದ್ದ ಮನೆಗೆ ಚಳಿಗಾಲ ಕಳೆಯುವ ಧೈರ್ಯವಿತ್ತು. ಹಾಲಿಲ್ಲ, ಉಣ್ಣೆಯಿಲ್ಲ, ಉಳುವುದಿಲ್ಲ. ಹಂದಿಯನ್ನು ಸಾಕುವುದೇ ಕೊಲ್ಲುವುದಕ್ಕೆ. ಆದರೆ ಸಾಕುವುದು ಹೊಲದಾಚೆಯಲ್ಲ, ಅಡುಗೆಮನೆಯ ಬಾಗಿಲಲ್ಲಿ, ನಾವು ತಿಂದು ಬಿಟ್ಟದ್ದನ್ನು ಕೈಯಾರೆ ಹಾಕಿ. ದಿನಾ ಉಣಿಸಿದ ಕೈಯೇ ಒಂದು ದಿನ ಕತ್ತಿ ಹಿಡಿಯಬೇಕು. ಯುರೋಪಿನ ಹಂದಿಕತೆಗಳೆಲ್ಲ ಈ ಇಕ್ಕಟ್ಟಿನಿಂದ ಹುಟ್ಟಿದವೆಂದು ಆ ರಾತ್ರಿ ಒಲೆಯ ಮುಂದೆ ನನಗನಿಸಿತು. ಕೊಂದವನು ತನ್ನ ಲೆಕ್ಕವನ್ನು ಸರಿದೂಗಿಸಿಕೊಳ್ಳುವ ಬೇರೆ ಬೇರೆ ಬಗೆಗಳು ಅವು.

ಉತ್ತರದವರು ಸಾಲವೇ ಇಲ್ಲವೆಂದರು. ಓಡಿನ್ನನ ವಲ್‌ಹಲ್ಲಾದಲ್ಲಿ ಸೇಹ್ರಿಮ್ನೀರ್ ಎಂಬ ಹಂದಿಯನ್ನು ದಿನಾ ಕೊಪ್ಪರಿಗೆಯಲ್ಲಿ ಬೇಯಿಸಿ ಸತ್ತ ವೀರರಿಗೆ ಬಡಿಸುತ್ತಾರೆ; ಸಂಜೆಗೆ ಅದು ಮತ್ತೆ ಇಡಿಯಾಗಿ ಎದ್ದು ನಿಂತಿರುತ್ತದೆ. ತಿಂದೂ ಕೊಲ್ಲದ ಸುಖ. ರೋಮನ್ನರು ಕೃತಜ್ಞತೆ ಹೇಳಿದರು, ಆಮೇಲೆ ಕೊಂದರು. ಟ್ರಾಯ್ ಬಿಟ್ಟು ಬಂದ ಈನಿಯಸ್‌ಗೆ ನೆಲೆಯ ಗುರುತಾಗಿ ಸಿಕ್ಕಿದ್ದು ಮೂವತ್ತು ಮರಿಗಳೊಂದಿಗೆ ಮಲಗಿದ್ದ ಬಿಳಿ ಹಂದಿ. ವರ್ಜಿಲನ ಕಾವ್ಯದಲ್ಲಿ ಅವನು ಆ ಹಂದಿಯನ್ನೂ ಮರಿಗಳನ್ನೂ ಜೂನೋ ದೇವಿಗೆ ಬಲಿ ಕೊಡುತ್ತಾನೆ. ಊರು ತೋರಿಸಿದ್ದಕ್ಕೆ ಸಿಕ್ಕ ಸಂಬಳ! ಗ್ರೀಕರಿಗೆ ಇನ್ನೂ ಹತ್ತಿರದ ಭಯವಿತ್ತು. ಸರ್ಸಿ ಎಂಬ ಮಾಯಾವಿ ಒಡಿಸ್ಯೂಸನ ಸಂಗಡಿಗರನ್ನು ಹಂದಿಗಳನ್ನಾಗಿ ಮಾಡಿದಾಗ ಮೈ ಬದಲಾಯಿತು, ಬುದ್ಧಿ ಮಾತ್ರ ಮನುಷ್ಯರದೇ ಉಳಿಯಿತು. ಕೊಟ್ಟಿಗೆಯೊಳಗಿಂದ ನೋಡುತ್ತಿರುವ ಕಣ್ಣು ಯಾರದು ಎಂಬ ಅನುಮಾನ ಅದು. ಹನ್ನೆರಡನೆಯ ಶತಮಾನದಲ್ಲಿ ಇಟಲಿಯ ಸಲೆರ್ನೊದ ವೈದ್ಯರು ಮನುಷ್ಯನ ಒಳಗನ್ನು ಕಲಿಯಲು ಹಂದಿಯನ್ನು ಕೊಯ್ದರು. 2022ರಲ್ಲಿ ಅಮೆರಿಕದ ವೈದ್ಯರು ಹಂದಿಯ ಹೃದಯವನ್ನು ಮನುಷ್ಯನ ಎದೆಯಲ್ಲಿಟ್ಟರು. ಸರ್ಸಿಯ ಕತೆ ಕಟ್ಟಿದವರ ಅಂದಾಜು ಬಹಳ ತಪ್ಪಿರಲಿಲ್ಲ.

ಕ್ರೈಸ್ತ ಯುರೋಪು ಹಂದಿಯನ್ನು ಸಂತನ ಕಾಲಬಳಿ ತಂದು ಕೂರಿಸಿತು. ಈಜಿಪ್ಟಿನ ಮರುಭೂಮಿಯ ಅಂತೋನಿಗೆ ಹಂದಿಯ ಸಹವಾಸವೇನೂ ಇರಲಿಲ್ಲ. 1095ರ ಸುಮಾರಿಗೆ ಫ್ರಾನ್ಸಿನಲ್ಲಿ ಅವನ ಹೆಸರಿನಲ್ಲಿ ಒಂದು ಸೇವಾಸಂಘ ಹುಟ್ಟಿತು. ಬೂಷ್ಟು ಹಿಡಿದ ರೈ ಧಾನ್ಯದ ರೊಟ್ಟಿ ತಿಂದವರಿಗೆ ಕೈಕಾಲು ಉರಿದು, ಕಪ್ಪಾಗಿ ಉದುರಿಹೋಗುತ್ತಿದ್ದ ಕಾಯಿಲೆಗೆ ಜನ ‘ಸಂತ ಅಂತೋನಿಯ ಬೆಂಕಿ’ ಎನ್ನುತ್ತಿದ್ದರು. ಈ ಸಂಘದವರು ರೋಗಿಗಳಿಗೆ ಆಸ್ಪತ್ರೆ ಕಟ್ಟಿದರು, ಹುಣ್ಣಿಗೆ ಹಂದಿಯ ಕೊಬ್ಬಿನ ಮುಲಾಮು ಹಚ್ಚಿದರು. ಅವರ ಹಂದಿಗಳಿಗೆ ಕೊರಳಲ್ಲಿ ಗಂಟೆಯಿತ್ತು, ಪೇಟೆಯ ಬೀದಿಯಲ್ಲಿ ಮೇಯುವ ಹಕ್ಕಿತ್ತು. 1131ರಲ್ಲಿ ಪ್ಯಾರಿಸ್ಸಿನಲ್ಲಿ ಬೀದಿ ಹಂದಿಯೊಂದು ರಾಜಕುಮಾರ ಫಿಲಿಪ್ಪನ ಕುದುರೆಯ ಕಾಲಿಗೆ ಸಿಕ್ಕಿ, ಅವನು ಬಿದ್ದು ಸತ್ತ. ಚರ್ಚಿಗೆಂದು ಬೆಳೆಸಿದ್ದ ತಮ್ಮ ಏಳನೆಯ ಲೂಯಿಯಾಗಿ ರಾಜನಾದ. ಆಮೇಲೆ ಹಂದಿಗಳಿಗೆ ಬೀದಿ ನಿಷೇಧವಾದರೂ ಅಂತೋನಿಯ ಗಂಟೆಯ ಹಂದಿಗಳಿಗೆ ವಿನಾಯಿತಿ ಉಳಿಯಿತು.

ವಿನಾಯಿತಿ ಇಲ್ಲದವಕ್ಕೆ ಕೋರ್ಟು ಇತ್ತು. 1386ರಲ್ಲಿ ನಾರ್ಮಂಡಿಯ ಫಲೇಸ್‌ನಲ್ಲಿ ಮಗುವನ್ನು ಕೊಂದ ಹೆಣ್ಣುಹಂದಿಗೆ ವಿಚಾರಣೆ ನಡೆದು ಮರಣದಂಡನೆಯಾಯಿತು. 1457ರಲ್ಲಿ ಬರ್ಗಂಡಿಯ ಸಾವಿನ್ಯಿಯಲ್ಲಿ ತಾಯಿ ಹಂದಿಯನ್ನು ನೇಣಿಗೇರಿಸಿ, ಮರಿಗಳನ್ನು ಸಾಕ್ಷ್ಯ ಸಾಲದೆಂದು ಬಿಟ್ಟರು. ನಮಗೆ ನಗು ಬರುತ್ತದೆ. ಆದರೆ ಹಂದಿಯನ್ನು ವಸ್ತುವೆಂದು ಕಂಡವರು ಅದಕ್ಕೆ ವಿಚಾರಣೆ ನಡೆಸುತ್ತಿರಲಿಲ್ಲ.

ರಾತ್ರಿ ಮಲಗಿದ ಮೇಲೆ ಮನಸ್ಸು ಶಿರಸಿಗೆ ಹೋಯಿತು. ನಮ್ಮಲ್ಲೂ ಮಾರಿಗೆ ಬಿಟ್ಟ ಕೋಣ ಊರೆಲ್ಲ ತಿರುಗುತ್ತದೆ. ಯಾರ ಹೊಲಕ್ಕೆ ನುಗ್ಗಿದರೂ ಬಡಿಯುವಂತಿಲ್ಲ, ಅದು ದೇವಿಯದು. ಉತ್ತರ ಕರ್ನಾಟಕದ ದ್ಯಾಮವ್ವನ ಜಾತ್ರೆಗಳಲ್ಲೂ ಇದೇ. ಮೇಲುನೋಟಕ್ಕೆ ಲಾ ಅಲ್ಬೆರ್ಕಾದ ಹಂದಿಗೂ ಮಾರಿಕೋಣಕ್ಕೂ ವ್ಯತ್ಯಾಸವಿಲ್ಲ: ಯಾರದೂ ಅಲ್ಲದ್ದು, ಎಲ್ಲರದೂ ಆದದ್ದು, ದಿನ ಗೊತ್ತಾದದ್ದು. ಆದರೆ ಕತೆ ನೋಡಿ. ಮೇಲುಜಾತಿಯವನೆಂದು ಸುಳ್ಳು ಹೇಳಿ ಮಾರಿಯನ್ನು ಮದುವೆಯಾದವನೇ ಆ ಕೋಣ, ಅವನಿಗೆ ಆಗುವುದು ಶಿಕ್ಷೆ ಎನ್ನುತ್ತದೆ ನಮ್ಮ ಕತೆ. ಕೋಣದ ತಲೆಯ ಮೇಲೆ ಅಪರಾಧ ಹೊರಿಸಿದ್ದೇವೆ. ಆ ನೆಪದಲ್ಲಿ ಜಾತಿ ಮೀರಿದವರಿಗೆ ಏನಾಗುತ್ತದೆಂಬ ಬೆದರಿಕೆಯನ್ನೂ ಜಾತ್ರೆಯಿಂದ ಜಾತ್ರೆಗೆ ಸಾಗಿಸಿದ್ದೇವೆ. ಅವರ ಕತೆಯಲ್ಲಿ ಹಂದಿ ಸಂತನ ಒಡನಾಡಿ, ಯಾವ ತಪ್ಪೂ ಮಾಡಿಲ್ಲ. ತಪ್ಪಿಲ್ಲದ್ದನ್ನು ಕೊಲ್ಲುವುದು ಹೇಗೆ ಎಂಬಲ್ಲಿಗೆ ಬಂದಾಗ ಅವರ ಕತೆ ಸುಮ್ಮನಾಗಿ ಚೀಟಿ ಎತ್ತುತ್ತದೆ. ಶಿರಸಿಯಲ್ಲಿ ಗಾಂಧೀಜಿಯವರ ಪ್ರಭಾವದಿಂದ 1930ರ ದಶಕದಲ್ಲಿ ಕೋಣಬಲಿ ನಿಂತಿತು. ಜಾತ್ರೆ ನಿಲ್ಲಲಿಲ್ಲ, ಕತೆಯೂ ಹೋಗಲಿಲ್ಲ.

ಹದಿನೇಳರ ಬೆಳಿಗ್ಗೆ ಚಳಿಗೆ ಉಸಿರು ಹೊಗೆಯಾಗುತ್ತಿತ್ತು. ಚರ್ಚಿನ ಹತ್ತಿರ ಗ್ರಾನೈಟಿನ ಹಂದಿಯ ಪ್ರತಿಮೆಯೊಂದಿದೆ, ಬೆನ್ನು ಸವರಿ ಸವರಿ ನುಣುಪಾಗಿದೆ. ಪೂಜೆ ಮುಗಿಸಿ ಜನ ಹೊರಬಂದರು. ನಾಯಿ, ಕತ್ತೆ, ಪಂಜರದ ಹಕ್ಕಿ ಹಿಡಿದು ಬಂದವರಿದ್ದರು. ನಾನೂ ಹಿಂದಿನ ದಿನ ಒಂದು ಚೀಟಿ ಕೊಂಡಿದ್ದೆ. ಹಣ ಸತ್ಕಾರ್ಯಕ್ಕೆ ಹೋಗುತ್ತದೆ, ಊರಿಗೆ ಬಂದವರು ಕೊಳ್ಳುವುದು ಮರ್ಯಾದೆ ಎಂದು ಯಜಮಾನ ಹೇಳಿದ್ದ. ಕೊಳ್ಳುವಾಗ ಅದು ರಸೀದಿಯಷ್ಟೇ ಹಗುರವಾಗಿತ್ತು. ಗುಂಪಿನಲ್ಲಿ ನಿಂತು, ಒಬ್ಬ ಹುಡುಗ ಚೀಟಿಗಾಗಿ ಕೈ ಹಾಕುವುದನ್ನು ನೋಡುವಾಗ ಮಾತ್ರ ಎದೆ ಹೊಡೆದುಕೊಳ್ಳತೊಡಗಿತು. ಹಂದಿ ಅಲ್ಲೇ ಇತ್ತು. ಮಗುವೊಂದು ಅದರ ಕಿವಿಯ ಹಿಂದೆ ಕೆರೆಯುತ್ತಿತ್ತು. ಅದು ಕಣ್ಣು ಮುಚ್ಚಿಕೊಂಡು ಪೂರ್ತಿ ಭಾರವನ್ನು ಆ ಮಗುವಿನ ಕಾಲಿಗೆ ಒರಗಿಸಿತ್ತು.

ಸಂಖ್ಯೆ ಕೂಗಿದರು. ನನ್ನದಲ್ಲ. ಆ ಕ್ಷಣ ಮೈಯೆಲ್ಲ ಹಗುರವಾಯಿತು. ಗೆದ್ದವನು ಪಕ್ಕದೂರಿನವನಿರಬೇಕು, ಗೆಳೆಯರು ಬೆನ್ನು ತಟ್ಟಿದರು, ಚಪ್ಪಾಳೆ ಬಿತ್ತು. ಅಜ್ಜಿ ಗುಂಪಿನ ಅಂಚಿನಲ್ಲಿ ನಿಂತಿದ್ದಳು. ಬೇಸರವಾಗುವುದಿಲ್ಲವೇ ಎಂದು ಅಕ್ಕನ ಮಗಳಿಂದ ಕೇಳಿಸಿದೆ. “ಆಗುತ್ತೆ. ಪ್ರತಿ ವರ್ಷವೂ ಆಗುತ್ತೆ” ಎಂದಳು. “ಜೂನ್ ಬಂದರೆ ಇನ್ನೊಂದು ಬರುತ್ತೆ. ಅದಕ್ಕೂ ಮಂಗಳವಾರ ಕಲಿಸಬೇಕು.”

ಇಷ್ಟು ದಿನವಾದರೂ ನನ್ನನ್ನು ಕಾಡುತ್ತಿರುವುದು ಆಗ ಆದ ಆ ಹಗುರ. ಅಜ್ಜಿ ಬೇಸರವನ್ನು ಒಪ್ಪಿಕೊಂಡು ತಿನ್ನುವವಳು. ಅಕ್ಕನ ಮಗಳು ತಿನ್ನುವುದನ್ನೇ ಬಿಟ್ಟವಳು. ನಾನು ಗಿಹ್ವೇಲೊದಲ್ಲಿ ತಟ್ಟೆ ಖಾಲಿ ಮಾಡಿ, ಲಾ ಅಲ್ಬೆರ್ಕಾದಲ್ಲಿ ಚೀಟಿ ಕೊಂಡು, ಕೊಲ್ಲುವ ಪಾಳಿ ಇನ್ನೊಬ್ಬನಿಗೆ ಬಂದಾಗ ನಿಟ್ಟುಸಿರು ಬಿಟ್ಟವನು. ಮಾಂಸದಂಗಡಿಯಲ್ಲಿ ಕಾಸು ಕೊಟ್ಟು ಪೊಟ್ಟಣ ತರುವಾಗಲೆಲ್ಲ ನಾನು ಮಾಡುವುದು ಇದನ್ನೇ. ಅಲ್ಲಿ ಸಂಖ್ಯೆ ಕೂಗುವುದಿಲ್ಲ, ಅಷ್ಟೇ.

ಯುರೋಪ್ ಒಕ್ಕೂಟದಲ್ಲಿ ಅತಿ ಹೆಚ್ಚು ಹಂದಿ ಸಾಕುವ ದೇಶ ಇಂದು ಸ್ಪೇನ್. ಅವುಗಳಲ್ಲಿ ಓಕ್ ಮರದಡಿ ನಡೆಯುವ ಭಾಗ್ಯವಿರುವವು ಕೊಂಚವೇ. ಮಿಕ್ಕವು ಉದ್ದುದ್ದದ ತಗಡಿನ ಶೆಡ್ಡುಗಳಲ್ಲಿ ಹುಟ್ಟಿ ಅಲ್ಲೇ ತೂಕವಾಗುತ್ತವೆ. ಆ ಹಂದಿಗಳ ಬಗ್ಗೆ ಯಾರೂ ಕತೆ ಕಟ್ಟಿಲ್ಲ, ಕಟ್ಟುವುದೂ ಇಲ್ಲ. ಜನ ಮೂಢನಂಬಿಕೆ ಬಿಟ್ಟು ಜಾಣರಾದದ್ದರಿಂದ ಹೀಗಾಯಿತೆಂದು ನಾನು ನಂಬುವುದಿಲ್ಲ. ಪುನರ್ಜನ್ಮದ ಹಂದಿ, ದಾರಿ ತೋರುವ ಹಂದಿ, ಸಂತನ ಹಂದಿ, ಎಲ್ಲವೂ ಹಂದಿಯ ಮುಖ ನೋಡಿದವರಿಗೆ ಬೇಕಾಗಿದ್ದ ಕತೆಗಳು. ನೋಡದವರಿಗೆ ಕತೆ ಬೇಡ, ಬಿಲ್ಲು ಸಾಕು.

ಮ್ಯಾಡ್ರಿಡ್ಡಿಗೆ ಹೋಗುವ ಬಸ್ಸಿನಲ್ಲಿ ಅಕ್ಕನ ಮಗಳು ಕೇಳಿದಳು: “ಗೆದ್ದಿದ್ರೆ ಏನು ಮಾಡ್ತಿದ್ದೆ ಮಾಮ?” ಊರಿಗೇ ವಾಪಸ್ ಕೊಡುತ್ತಿದ್ದೆ, ಇನ್ನೊಂದು ವರ್ಷ ಹಾಗೇ ತಿರುಗಾಡಿಕೊಂಡಿರಲಿ ಎನ್ನುತ್ತಿದ್ದೆ ಎಂದೆ. ಹೇಳುತ್ತಿರುವಾಗಲೇ ನನಗೂ ವಲ್‌ಹಲ್ಲಾದ ಸಂಜೆಯ ಹಂದಿಯೇ ಬೇಕಾಗಿದೆ ಎಂದು ಹೊಳೆಯಿತು.

ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು. “ಅದಕ್ಕೂ ದಿನಾ ಬಕೆಟ್ ಹಿಡಿಯೋರು ಒಬ್ಬರು ಬೇಕಲ್ಲ ಮಾಮ. ನೀನಂತೂ ಇಲ್ಲಿರಲ್ಲ.”